ಚಿಕ್ಕಮಲ್ಲಮ್ಮ ಹೊರದ ಹರಕೆ

ಚಿಕ್ಕಮಲ್ಲಮ್ಮ ತಿಂಗಳ ಕೊನೆಯ ಭಾನುವಾರ ಬೆಳಗಿನ ರೈಲಿಗೋ ಬಸ್ಸಿಗೋ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದರು. ಹೋದ ಊರಿನಲ್ಲಿ ಅವರಿಗೆ ನೆಂಟರಿರುತ್ತಿರಲಿಲ್ಲ, ಮದುವೆ ಮುಂಜಿಯೂ ಇರುತ್ತಿರಲಿಲ್ಲ. ಕೆರೆಯ ಏರಿಯ ಮೇಲೆ ಕೂತು ಬುತ್ತಿ ಉಣ್ಣುವುದು, ಕಾಲುದಾರಿ ಹೋದ ಕಡೆಗೆ ಒಂದಿಷ್ಟು ನಡೆಯುವುದು, ಬೇಲಿಯ ಮೇಲಿನ ಹಕ್ಕಿ ಹಾರುವವರೆಗೂ ನೋಡುತ್ತಾ ನಿಲ್ಲುವುದು, ಮತ್ತೆ ಹಿಂದಿರುಗುವುದು. ೧೯೫೪ರ ಚಾಮರಾಜನಗರದಲ್ಲಿ ಮೂವತ್ತೈದು ವರ್ಷದ ವಿಧವೆಯೊಬ್ಬರು ಹೀಗೆ ಹೋಗಿಬರುವುದು ಯಾರಿಗೂ ಅರ್ಥವಾಗದ ಸಂಗತಿಯಾಗಿತ್ತು.

ಅವರ ಅಣ್ಣ ವೃಷಭೇಂದ್ರಪ್ಪನವರದು ದಿನಸಿ ಅಂಗಡಿ. ಚಿಕ್ಕಮಲ್ಲಮ್ಮ ಇದ್ದದ್ದು ಅಣ್ಣನ ಮನೆಯಲ್ಲೇ; ಆ ಮನೆಯ ಬೀದಿಕಡೆಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಗತಾನೆ ನನಗೆ ಕೆಲಸವಾಗಿತ್ತು. ಭಾನುವಾರ ಬಿಡುವಿದ್ದುದರಿಂದ ಕೆಲವು ತಿಂಗಳಲ್ಲೇ ಚಿಕ್ಕಮಲ್ಲಮ್ಮನವರ ಜೊತೆಗಾತಿಯಾದೆ.

ಬದನಗುಪ್ಪೆಯ ಕಡೆಗೆ ರೈಲು ಹೊರಟಿತೆಂದರೆ ಅವರು ಕಿಟಕಿಯ ಕಂಬಿಗೆ ಕೆನ್ನೆಯಾನಿಸಿ ಕೂರುತ್ತಿದ್ದರು. ಹುರುಳಿಯ ಹೊಲ, ಒಂಟಿ ಬೇವಿನ ಮರ, ಎಮ್ಮೆಯ ಬೆನ್ನೇರಿದ ಕೊಕ್ಕರೆ, ಎಲ್ಲವೂ ನಿಧಾನವಾಗಿ ಹಿಂದಕ್ಕೆ ತೇಲುತ್ತಿದ್ದವು. ಅವರ ಮುಖದ ಮೇಲೆ ಬಿಸಿಲೂ ನೆರಳೂ ಸರಿದಾಡುತ್ತಿದ್ದವು. ಮಾತನಾಡಿಸಿದರೆ ಬಹಳ ದೂರದಿಂದ ಬಂದವರಂತೆ ತಿರುಗಿ ನೋಡುತ್ತಿದ್ದರು.

ಅವರ ಉಡುಗೆಯೂ ಬೇರೆಯೇ ಆಗಿತ್ತು. ಸಂತೆಯಲ್ಲಿ ಸಣ್ಣತಾಯಮ್ಮ ಎಂಬಾಕೆ ಗೋಣಿತಾಟು ಹಾಸಿ, ಉಳ್ಳವರು ತೊಟ್ಟು ಬಿಟ್ಟ ಬಟ್ಟೆಗಳನ್ನು ಮಾರುತ್ತಿದ್ದಳು. ಆ ರಾಶಿಯ ಮುಂದೆ ಚಿಕ್ಕಮಲ್ಲಮ್ಮ ಕುಕ್ಕರಗಾಲಿನಲ್ಲಿ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಒಮ್ಮೆ ಒಂದು ಕರಿಯ ಕೋಟು ಸಿಕ್ಕಿತು.

"ಇದು ಅಮಲ್ದಾರ್ರ ಕೋಟು ಕಣವ್ವ. ಅವ್ರು ಆಕ್ಕಂಡು ಬಂದ್ರ ಬೀದಿಗೆ ಬೀದಿನೇ ಎದ್ದು ನಿಂತ್ಕತ್ತಿತ್ತು" ಎಂದಳು ಸಣ್ಣತಾಯಮ್ಮ.

ಚಿಕ್ಕಮಲ್ಲಮ್ಮ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಅಮಲ್ದಾರ್ರಿಗೆ ಒಟ್ಟೆನೇ ಇರ್ನಿಲ್ವಾ? ಇದು ನಂಗೇ ಬಿಗಿ ಆಯ್ತದಲ್ಲ."

"ಕೆಲ್ಸಕ್ಕೆ ಸೇರ್ದ ಒಸದ್ರಲ್ಲಿ ಒಲ್ಸಿದ್ದು ಅನ್ಕೊ."

ಪಕ್ಕದ ಹೊಲಿಗೆ ಬಿಚ್ಚಿ ಸಡಿಲಿಸಿ, ಸೀರೆಯ ಮೇಲೆ ಆ ಕೋಟು ತೊಟ್ಟು ಅವರು ಚಳಿಗಾಲವಿಡೀ ತಿರುಗಿದರು. ಮೊಳಕೈ ಮುಚ್ಚುವ ಹಳೆಯ ಮಖಮಲ್ಲಿನ ರವಿಕೆ, ಅಜ್ಜಿಯರ ಕಾಲದ ಅಗಲ ಅಂಚಿನ ಸೀರೆ, ಇವೇ ಅವರಿಗೆ ಇಷ್ಟ. ತೊಡಲು ಬಾರದ ತುಂಡುಗಳಿಂದ ಎಲೆಯಡಿಕೆಯ ಸಂಚಿ ಹೊಲಿಯುತ್ತಿದ್ದರು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಅದರೊಳಗೆ ಪುಟ್ಟ ಪುಟ್ಟ ಮನೆಗಳು; ದಾರ ಎಳೆದರೆ ಬಾಯಿ ಮೊಗ್ಗಿನಂತೆ ಮುಚ್ಚಿಕೊಳ್ಳುತ್ತಿತ್ತು. ಚಂದಕವಾಡಿಯಿಂದ ಬಂದ ವಾರ ಹೊಲಿದ ಸಂಚಿಗೆ ಹುಚ್ಚೆಳ್ಳು ಹೂವಿನ ಹಳದಿ ಅಂಚು ಬಂದಿತ್ತು. "ನೋಡಿದ್ದು ಕಣ್ಣಲ್ಲಿ ಆರೋಕೆ ಮುಂಚೆ ಒಲ್ದುಬುಡಬೇಕು ಟೀಚರಮ್ಮ" ಎನ್ನುತ್ತಿದ್ದರು.

ನೆರೆಯವರಿಗೆ ಇದೆಲ್ಲ ಒಗಟಾಗಿತ್ತು. "ಯಾವ ಅರಕೆ ಮಲ್ಲವ್ವ?" ಎಂದು ಕೇಳುತ್ತಿದ್ದರು.

"ಅರಕೆ ಗಿರಕೆ ಏನಿಲ್ಲ. ನೋಡ್ಕ ಬರನ ಅಂತ ಓಯ್ತೀನಿ."

ಈ ಉತ್ತರವೇ ತೊಡಕಾಯಿತು. ಹೊತ್ತ ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲಿಸುವುದಿಲ್ಲವೆಂಬುದು ಅಲ್ಲಿಯವರ ನಂಬಿಕೆ. ಆದ್ದರಿಂದ ಅವರು ಇಲ್ಲವೆಂದಷ್ಟೂ ಹರಕೆ ಇದೆಯೆಂಬುದು ಗಟ್ಟಿಯಾಗುತ್ತಾ ಹೋಯಿತು. ಹಳೆಯ ಬಟ್ಟೆ ತೊಡುವುದೂ ಹರಕೆಯ ನೇಮವೇ ಎಂದು ಜನ ತೀರ್ಮಾನಿಸಿದರು. ವೃಷಭೇಂದ್ರಪ್ಪನವರ ಹೆಂಡತಿ ಮಂಗಳಗೌರಮ್ಮನವರಂತೂ ಪುಣ್ಯದಲ್ಲಿ ತಮಗೂ ಪಾಲಿರಲೆಂದು ಕೋಳಿ ಕೂಗುವ ಮುಂಚೆ ಎದ್ದು ನಾದಿನಿಗೆ ಬುತ್ತಿ ಕಟ್ಟಿಕೊಡುತ್ತಿದ್ದರು. ಕೆಲವು ತಿಂಗಳಾದ ಮೇಲೆ ಚಿಕ್ಕಮಲ್ಲಮ್ಮ ಅಲ್ಲಗಳೆಯುವುದನ್ನು ಬಿಟ್ಟರು. ಹರಕೆಯೆಂಬ ಹೆಸರಿದ್ದರೆ ಬೀದಿಯ ಬಾಗಿಲು ತಾನಾಗಿ ತೆರೆಯುತ್ತಿತ್ತು.

ಆ ಕಾಲದಲ್ಲಿ ವೃಷಭೇಂದ್ರಪ್ಪನವರು ಚಂದಕವಾಡಿಯ ದಾರಿಯ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದರು. ಎರಡು ವರ್ಷ ಬಂಡೆಯೇ ಸಿಕ್ಕಿತು. ೧೯೫೫ರ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ನೀರು ಉಕ್ಕಿತು. ಅವರು ಕೆಸರುಗಾಲಿನಲ್ಲೇ ಮನೆಗೆ ಬಂದು ತಂಗಿಯ ಮುಂದೆ ಕೈಜೋಡಿಸಿ ನಿಂತರು.

"ನನ್ ಬಾವಿಗೋಸ್ಕರ ಊರೂರು ಅಲ್ದೆ ಕಣವ್ವ. ಮೈಮೇಲೆ ಒಂದು ಒಸ ಸೀರೆ ಆಕ್ನಿಲ್ಲ. ಸಾಕು, ಅರಕೆ ಮುಗಿಸ್ಬುಡು. ಇನ್ಮೇಲೆ ಒಸ್ತಿಲು ದಾಟಿ ಕಷ್ಟಪಡಬ್ಯಾಡ. ಸುಖವಾಗಿ ಮನೇಲಿರು."

ಚಿಕ್ಕಮಲ್ಲಮ್ಮನವರ ಕೈಯಲ್ಲಿದ್ದ ಸೂಜಿ ನಿಂತಿತು. ಸಂಜೆ ನನ್ನ ಕೋಣೆಗೆ ಬಂದು ಬಾಗಿಲಿಗೊರಗಿ ನಿಂತರು.

"ಇದ್ನ ಎಂಗೆ ಬುಡಿಸ್ಲಿ ಟೀಚರಮ್ಮ? ಊ ಅಂದ್ರ ನನ್ ಭಾನುವಾರ ಓದ್ವು. ಇಲ್ಲ ಅಂದ್ರ ಅಣ್ಣಯ್ಯ ನಾಕು ಜನದ ಮುಂದೆ ನಗೆಪಾಟಲಾಯ್ತನ. ಬಾವಿ ಕಟ್ಟೆ ಮ್ಯಾಲೆ ನನ್ನೆಸರು ಬರಿಸ್ತೀನಿ ಅಂತ ಕೂತವ್ನೆ."

ಕೊನೆಗೆ ಅವರು, ಇನ್ನೊಂದೇ ಸಲ ಹೋಗುವುದಾದರೆ ಬಹುದಿನದಿಂದ ಆಸೆಪಟ್ಟಿದ್ದ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಿಡುವುದೆಂದು ನಿಶ್ಚಯಿಸಿ, ಹರಕೆ ಮುಗಿಸುವ ಜಾಗ ಅದೇ ಎಂದರು. ಶಿವಭಕ್ತರ ಮನೆಯವರಿಗೆ ಗೋಪಾಲನ ಬೆಟ್ಟವೇಕೆ ಎಂದು ಅಂಗಡಿಯಲ್ಲಿ ಯಾರೋ ಕೇಳಿದರಂತೆ. "ಅದು ಒತ್ತವ್ರಿಗೆ ಗೊತ್ತು" ಎಂದರಂತೆ ವೃಷಭೇಂದ್ರಪ್ಪನವರು, ತಕ್ಕಡಿಯಿಂದ ಕಣ್ಣೆತ್ತದೆ. ಮನೆಯ ಪರವಾಗಿ ಮಂಗಳಗೌರಮ್ಮನವರೂ ಹೊರಟರು. ಮೂವರೂ ಮೊದಲ ಬಸ್ಸು ಹತ್ತಿದೆವು.

"ಅಮಲ್ದಾರ್ರು ಎಲ್ಲಿಗೆ ಸರ್ಕೀಟು ಒಂಟವ್ರೆ?" ಎಂದು ಮಂಗಳಗೌರಮ್ಮ ನಾದಿನಿಯ ಕೋಟನ್ನು ದಾರಿಯುದ್ದಕ್ಕೂ ಹಾಸ್ಯ ಮಾಡಿದರು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಹಂಗಳದಿಂದ ಎತ್ತಿನ ಗಾಡಿಯಲ್ಲಿ ಬೆಟ್ಟದ ತಪ್ಪಲು ಸೇರಿ, ಅಲ್ಲಿಂದ ಹತ್ತತೊಡಗಿದೆವು. ಅರ್ಧ ಬೆಟ್ಟದಲ್ಲಿ ಮಂಜು ಇಳಿಯಿತು. ಮುಂದೆ ಹೋಗುವವರ ಕಾಲು ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ರೇಷ್ಮೆ ಸೀರೆಯುಟ್ಟ ಮಂಗಳಗೌರಮ್ಮನವರ ಹಲ್ಲು ಕಟಕಟನೆ ಹೊಡೆದುಕೊಂಡವು. ಚಿಕ್ಕಮಲ್ಲಮ್ಮ ಕೋಟು ಬಿಚ್ಚಿ ಅವರಿಗೆ ತೊಡಿಸಿದರು.

ದೇವರಿಗೆ ಹಣ್ಣುಕಾಯಿ ಮಾಡಿಸಿ, ಗುಡಿಯ ಹೊರಗೆ ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಸುತ್ತಲೂ ಬೆಳ್ಳಗೆ, ಲೋಕವೇ ಇಲ್ಲದಂತಿತ್ತು.

"ಈಗ್ಲಾದ್ರೂ ಬಾಯ್ಬುಡು ಮಲ್ಲವ್ವ. ಏನಂತ ಒತ್ತಿದ್ದೆ?" ಎಂದರು ಮಂಗಳಗೌರಮ್ಮ.

"ಅರಕೆನೇ ಒರ್ನಿಲ್ಲ ಅತ್ಗೆ. ದೇವ್ರ ಮುಂದೆ ಕೂತು ಸುಳ್ಳು ಯಾಕೆ? ಊರು ಕೆರೆ ನೋಡಕೆ ಅಂತ್ಲೇ ಓಯ್ತಿದ್ದೆ."

ಮಂಗಳಗೌರಮ್ಮ ಅಗಿಯುವುದನ್ನು ನಿಲ್ಲಿಸಿದರು. "ವರ್ಸದ ಮೇಲಾಯ್ತು, ಕತ್ಲಲ್ಲಿ ಎದ್ದು ರೊಟ್ಟಿ ತಟ್ಟಿವ್ನಿ."

"ರೊಟ್ಟಿ ಚೆನ್ನಾಗಿದ್ದೋ ಅತ್ಗೆ."

"ನೀ ಮಾತಾಡಬ್ಯಾಡ."

ಅವರು ಬೆನ್ನು ತಿರುಗಿಸಿ ಕೂತರು. ಆಗಲೇ ಗಾಳಿ ಬೀಸಿ ಮಂಜು ಹರಿಯಿತು. ಕೆಳಗೆ ಬಂಡೀಪುರದ ಕಾಡು ಅಲೆ ಅಲೆಯಾಗಿ ಬಿಚ್ಚಿಕೊಂಡಿತು. ಒಂದು ಕಡೆ ಬಿಸಿಲು, ಒಂದು ಕಡೆ ಮೋಡದ ನೆರಳು. ಅದರಾಚೆ, ಕನಸಿನ ಅಂಚಿನಲ್ಲಿ ಕಾಣುವಂತೆ, ಒಂದು ನೀಲಿ ಗೆರೆ. ಹದಿನಾಲ್ಕನೆಯ ವಯಸ್ಸಿಗೆ ಈ ಮನೆಗೆ ಬಂದ ಮಂಗಳಗೌರಮ್ಮ, ಮದುವೆ, ಬಾಣಂತನ, ಸಾವು, ಈ ಮೂರು ಕಾರಣಗಳಲ್ಲದೆ ಊರು ಬಿಟ್ಟವರಲ್ಲ. ಅವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಬಂಡೆಯ ಅಂಚಿಗೆ ಸರಿದು ಕೂತರು.

"ಆ ನೀಲಿದು ಯಾವೂರು?"

"ಊರಲ್ಲ ಅತ್ಗೆ, ನೀಲಗಿರಿ ಬೆಟ್ಟ."

"ಅಷ್ಟ್ ದೂರ ಓಯ್ತದಾ ಕಣ್ಣು?" ಎಂದರು ಅವರು, ಯಾರನ್ನೂ ಕೇಳದಂತೆ.

ನಾವು ಮನೆ ಸೇರುವಾಗ ದೀಪ ಹಚ್ಚಿ ಆಗಿತ್ತು. ವೃಷಭೇಂದ್ರಪ್ಪನವರು ತಟ್ಟೆಯಲ್ಲಿ ಹೊಸ ಸೀರೆ ಇಟ್ಟುಕೊಂಡು ಪಡಸಾಲೆಯಲ್ಲಿ ಕಾಯುತ್ತಿದ್ದರು. "ಮುಗೀತಾ?" ಎಂದರು.

ಚಿಕ್ಕಮಲ್ಲಮ್ಮ ತಟ್ಟೆಯನ್ನು ಮುಟ್ಟಲಿಲ್ಲ. "ಅಣ್ಣಯ್ಯ, ನಾನು ಅರಕೆನೇ ಒತ್ತಿರ್ನಿಲ್ಲ. ಬಾವಿ ನೀನು ತೋಡಿಸ್ದೆ, ನೀರು ಬಂತು. ನಾನು ಊರು ನೋಡಕೆ ಓಯ್ತಿದ್ದೆ. ನೀನು ಬಯ್ದ್ರೂ ಸರಿ, ನಂಗೆ ಅದು ಬೇಕು."

ಅಣ್ಣನ ಕಣ್ಣು ತುಂಬಿ ಬಂದಿತು. ನನ್ನ ಕಡೆ ತಿರುಗಿ, "ನೋಡಿದ್ರಾ ಟೀಚರಮ್ಮ? ಇಷ್ಟು ಮಾಡಿ, ಮಾಡ್ನಿಲ್ಲ ಅಂತಾಳೆ. ಇನ್ನೂ ಕಷ್ಟಪಡ್ತೀನಿ ಅಂತಾಳೆ. ನಾನು ಬುಟ್ಟನಾ?" ಎಂದರು.

ಚಿಕ್ಕಮಲ್ಲಮ್ಮ ಗೋಡೆಗೊರಗಿ ಕೂತರು. ನಿಜವನ್ನೂ ಹೇಳಿಯಾಗಿತ್ತು.

ಮಂಗಳಗೌರಮ್ಮ ಕೋಟು ತೊಟ್ಟೇ ಹೊಸ್ತಿಲ ಬಳಿ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದರು. ತಲೆಯೆತ್ತದೆ ಹೇಳಿದರು: "ನೀರೇನೋ ಬಂತು. ನಿಲ್ಬ್ಯಾಡ್ವಾ?"

ವೃಷಭೇಂದ್ರಪ್ಪನವರು ತಟ್ಟೆಯನ್ನು ಕೆಳಗಿಟ್ಟರು. "ಅಂದ್ರ?"

"ಬರ್ಸಿದ್ ಮೇಲೆ ನಿಲ್ಲಿಸ್ಕಬೇಕು. ಅರಕೆ ಅರ್ಧಕ್ಕೆ ಬುಟ್ಟು, ಬ್ಯಾಸಗೇಲಿ ತಳ ಕಂಡ್ರ ನನ್ನ ಕೇಳ್ಬ್ಯಾಡಿ."

"ಎಷ್ಟು ತಿಂಗ್ಳು ಓಗ್ಬೇಕು?"

"ಬಾವಿ ಇರೋಗಂಟ. ಪಾಪ, ಇಷ್ಟು ದಿನ ಒಬ್ಳೇ ಪಟ್ಳು. ಇನ್ಮೇಲೆ ನಾನೂ ಓಯ್ತೀನಿ. ನನ್ ಕಾಲು ನೋಯ್ಲಿ ಬುಡಿ."

ವೃಷಭೇಂದ್ರಪ್ಪನವರು ಬಹಳ ಗಂಭೀರವಾಗಿ ಯೋಚಿಸಿದರು. ಒಳಗೆ ಹೋಗಿ ಪಂಚಾಂಗ ತಂದು, ದೀಪದ ಹತ್ತಿರ ಹಿಡಿದು, ಮುಂದಿನ ತಿಂಗಳ ಕೊನೆಯ ಭಾನುವಾರವನ್ನು ಬೆರಳಿಟ್ಟು ಹುಡುಕಿದರು.

"ಆವತ್ತು ಎಲ್ಲಿಗೆ?"

ಮಂಗಳಗೌರಮ್ಮ ನಾದಿನಿಯ ಮುಖ ನೋಡಿದರು. ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದರು.

"ಅದಿನ್ನೂ ಅಪ್ಪಣೆ ಆಗ್ಬೇಕು" ಎಂದರು ಮಂಗಳಗೌರಮ್ಮ.