ನಿಂತು ಕುಡಿದ ಕಾಫಿ

ನಮ್ಮ ದೊಡ್ಡಪ್ಪ ಪೊನ್ನುಸ್ವಾಮಿ ಯಾವ ಹೋಟೆಲಿನಲ್ಲೂ ಕೂತು ಕಾಫಿ ಕುಡಿಯುತ್ತಿರಲಿಲ್ಲ. ಸೇಲಂ ಜಂಕ್ಷನ್ನಿನಲ್ಲಿ ರೈಲು ಎರಡು ತಾಸು ತಡವಾದರೂ ಅಷ್ಟೆ, ಹೊರಗೆ ಮಳೆ ಹೊಡೆಯುತ್ತಿದ್ದರೂ ಅಷ್ಟೆ. ಲೋಟ ಹಿಡಿದು ಬಾಗಿಲಾಚೆ ಬಂದು ನಿಂತುಬಿಡುವರು. ನಂಗವಳ್ಳಿ ಶಾಲೆಯಲ್ಲಿ ಅವರ ಜೊತೆ ಪಾಠ ಹೇಳಿದವರು ಅದನ್ನು ಮಡಿ ಅಂದುಕೊಂಡಿದ್ದರು. ಮಂಡಿನೋವು ಅಂದವರುಂಟು, ಮೂಲವ್ಯಾಧಿ ಎಂದು ನಗಾಡಿದವರೂ ಉಂಟು. ಅದು ಕೋಪ. ಸಾಯುವವರೆಗೂ ಆರದ ಕೋಪ. ಅದರ ಕತೆ ಗೊತ್ತಿರುವವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ, ಅದಕ್ಕೇ ಬರೆದಿಡುತ್ತೇನೆ. ಬರೆಯುವಾಗ ನನಗೂ ಕೋಪ ಬರುತ್ತದೆ, ಓದುವವರು ಸಹಿಸಿಕೊಳ್ಳಬೇಕು.

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿ. ದೊಡ್ಡಪ್ಪನಿಗೆ ಇಪ್ಪತ್ತಮೂರು ವರ್ಷ. ಸೇಲಂನ ಗುಗೈಯಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ನಮ್ಮ ಮನೆ. ಮನೆ ಎಂದರೆ ಒಂದು ಕೋಣೆ, ಆ ಕೋಣೆಯಲ್ಲಿ ನೆಲದ ಗುಂಡಿಗೆ ಕಾಲಿಳಿಬಿಟ್ಟು ನೇಯುವ ಎರಡು ಗುಂಡಿಮಗ್ಗ. ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ಏಳು ಜನ. ಬೆಳಗಿನ ಜಾವದಿಂದ ದೀಪ ಹಚ್ಚುವ ತನಕ ಲಾಳಿಯ ಸದ್ದು. ಹೊರಗೆ ಬಂದರೆ ಬೀದಿಯುದ್ದ ಹಾಸಿನ ನೂಲು ಚಾಚಿ ಗಂಜಿ ಹಚ್ಚುವವರ ಕೂಗಾಟ. ಅಂಥ ಮನೆಯಲ್ಲಿ ಹುಟ್ಟಿದವರಿಗೆ ವಾದ್ಯಾರಾಗುವ, ಮೇಷ್ಟ್ರಾಗುವ ಆಸೆ ಹುಟ್ಟಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಎಂಟನೇ ಕ್ಲಾಸಿನ ಸರ್ಕಾರಿ ಪರೀಕ್ಷೆಯನ್ನು ಹೊರಗಿನಿಂದ ಕಟ್ಟಿ ಪಾಸಾದರೆ ಟ್ರೈನಿಂಗ್ ಶಾಲೆಗೆ ಸೇರಬಹುದು, ಆಮೇಲೆ ವಾದ್ಯಾರು. ಎರಡು ಸಲ ಕಟ್ಟಿದರು, ಎರಡು ಸಲವೂ ಡುಮ್ಕಿ.

ತಾತ ಕುಪ್ಪುಸ್ವಾಮಿ ಮಾತು ಕಡಿಮೆಯ ಮನುಷ್ಯ. ಆಡಿದರೆ ಕಡ್ಡಿ ಮುರಿದಂತೆ. "ಇನ್ನೊಂದು ಸಲ ಬರಿ ಓಗು," ಅಂದರು. "ಅದೂ ಓಯ್ತಾ, ಬುಕ್ಕೆಲ್ಲ ಒಲೆಗೆ ಆಕಿ ಗುಂಡಿಗೆ ಇಳೀಬೇಕು. ಸಾಯೋ ತಂಕ ಮೇಲಕ್ಕೆ ಬರಂಗಿಲ್ಲ."

ಓದಲು ಜಾಗವಿಲ್ಲದ ಮನೆಯ ಹಿರಿಯ ಈ ಮಾತು ಆಡಿದರು. ಇರಲಿ, ಅವರ ಮೇಲಿನ ಕೋಪ ಇನ್ನೊಂದು ದಿನ ಬರೆಯುತ್ತೇನೆ.

ಸೀರೆ ಮಾರಲು ಊರೂರು ತಿರುಗುವ ಕೆಲಸ ದೊಡ್ಡಪ್ಪನದು. ಭಾನುವಾರ ನಂಗವಳ್ಳಿ. ಸೋಮವಾರ ಮೋಟಾರಿನಲ್ಲಿ ತೊಪ್ಪೂರು. ಅಲ್ಲಿಂದ ಹಳ್ಳಿಗಳ ಮೇಲೆ ಗಾಡಿಯಲ್ಲಿ ಹೋಗಿ ಮಂಗಳವಾರ ಧರ್ಮಪುರಿ ಸೇರಬೇಕು. ಬುಕ್ಕುಗಳನ್ನು ಸೀರೆಗಂಟಿನೊಳಗೇ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಹೋದ ಊರಿನಲ್ಲೆಲ್ಲ ಅವರು ಮೊದಲು ಹುಡುಕುತ್ತಿದ್ದುದು ಗಿರಾಕಿಯನ್ನಲ್ಲ, ಕಾಫಿ ಹೋಟೆಲನ್ನು. ಕಾಫಿಯ ರುಚಿ ಯಾರಿಗೆ ಬೇಕಿತ್ತು? ಒಂದು ಲೋಟಕ್ಕೆ ಎಷ್ಟು ಹೊತ್ತು ಕೂರಲು ಬಿಡುತ್ತಾರೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಬೆಂಚು ಅಲುಗಾಡುತ್ತದೋ ಇಲ್ಲವೋ, ಇಷ್ಟೇ ಅವರ ಲೆಕ್ಕ.

ಜಂಕ್ಷನ್ ಹತ್ತಿರದ ಹೋಟೆಲಿನಲ್ಲಿ ಲೋಟ ಕೆಳಗಿಡುವ ಮೊದಲೇ ಒರೆಸುವ ಬಟ್ಟೆ ಬಂದು ಮೊಣಕೈಗೆ ತಾಗುತ್ತಿತ್ತು. ಏಳು ಎಂದು ಅರ್ಥ. ನಂಗವಳ್ಳಿಯಲ್ಲಿ ಕಾಳಿಯಮ್ಮ ಎಂಬಾಕೆಯ ಇಡ್ಲಿ ಗುಡಿಸಲು. ಆಕೆ ದಿನವಿಡೀ ಕೂರಲು ಬಿಡುತ್ತಿದ್ದಳು, ಪುಣ್ಯಾತಗಿತ್ತಿ. ಆದರೆ ಓದು ಬಂದವರು ಕೂತಿದ್ದಾರೆ ಎಂದು ಗೊತ್ತಾದರೆ ಮುಗಿಯಿತು, ಊರಿನವರೆಲ್ಲ ಕಾಗದ ಹಿಡಿದು ಬರುತ್ತಿದ್ದರು. ಸಿಲೋನಿಗೆ ಹೋದ ಗಂಡನ ಕಾಗದ, ಕೋರ್ಟಿನ ಕಾಗದ. ಅವನ್ನೆಲ್ಲ ಓದಿ ಹೇಳುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ತೊಪ್ಪೂರಿನ ಅಂಗಡಿ ವಾಸಿ. ಘಾಟಿ ಹತ್ತಿ ಬಂದ ಮೋಟಾರುಗಳು ಅಲ್ಲಿ ನೀರು ಕುಡಿಯಲು ನಿಲ್ಲುತ್ತಿದ್ದವು. ಅವು ಹೋದ ಮೇಲೆ ಮುಕ್ಕಾಲು ಗಂಟೆ ನಿಶ್ಶಬ್ದ. ಗಾಳಿ ಮಾತ್ರ ವಿಪರೀತ. ಹಾಳೆಯ ಮೇಲೆ ಒಂದು ಹಳೆಯ ಲಾಳಿ ಇಟ್ಟುಕೊಂಡು ಭಿನ್ನರಾಶಿ ಮಾಡುತ್ತಿದ್ದರಂತೆ.

ಧರ್ಮಪುರಿಯ ಸಂತೆಬೀದಿಯ ಕಾಫಿ ಕ್ಲಬ್ಬಿನಲ್ಲಿ ಮೂರು ಜಾಗವಿತ್ತು. ಒಳಗಿನ ಕೋಣೆ ಬ್ರಾಹ್ಮಣರಿಗೆ, ಹಾಗೆಂದು ಬೋರ್ಡೇ ಹಾಕಿದ್ದರು. ಮುಂದಿನ ಕೋಣೆಯ ಮರದ ಬೆಂಚುಗಳು ಮಿಕ್ಕ ಜಾತಿಯವರಿಗೆ. ಊರಾಚೆಯ ಕೇರಿಯವರು ಹಿತ್ತಿಲ ಕಡೆ ಬರಬೇಕು. ಅಲ್ಲಿ ಗೋಡೆಗೆ ಒಂದು ಕಿಂಡಿ, ಕಿಂಡಿಯಿಂದ ಮಣ್ಣಿನ ಲೋಟಕ್ಕೆ ಮೇಲಿನಿಂದ ಹೊಯ್ಯುತ್ತಿದ್ದರು. ಕುಡಿದ ಮೇಲೆ ಲೋಟ ಒಡೆದುಹಾಕಬೇಕು. ಆ ಕಾಲದಲ್ಲಿ ಇದನ್ನು ಯಾರೂ ವಿಚಿತ್ರ ಎನ್ನುತ್ತಿರಲಿಲ್ಲ. ದೊಡ್ಡಪ್ಪನೂ ಎನ್ನಲಿಲ್ಲ.

ಮುಂದಿನ ಕೋಣೆಯಲ್ಲಿ ಸಂತೆಯ ಗದ್ದಲ. ಒಂದು ಮಂಗಳವಾರ ಸೆಕೆ ತಾಳಲಾರದೆ ಅಂಗಿ ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ನಾವು ದೇವಾಂಗದವರು, ನೇಯುವ ಜಾತಿಯಾದರೂ ಜನಿವಾರ ಹಾಕುತ್ತೇವೆ. ಕಾಫಿ ತಂದ ಅಯ್ಯರ್ ಹುಡುಗ ಆ ಜನಿವಾರ ಕಂಡು ಗಾಬರಿಯಾಗಿ, "ಉಳ್ಳೆ ವಾಂಗೋ ಸಾಮಿ," ಒಳಗೆ ಬನ್ನಿ ಎಂದು ಕರೆದ. ದೊಡ್ಡಪ್ಪ ಸುಳ್ಳು ಹೇಳಲಿಲ್ಲ. ಬಾಯಿ ಬಿಡದೆ ಎದ್ದು ಒಳಗೆ ಹೋದರು.

ಒಳಗೆ ಅಮೃತಶಿಲೆಯ ಮೇಜು. ಉತ್ತರದ ಕಿಟಕಿ, ಗೋಡೆ ಗಡಿಯಾರ, ತಣ್ಣಗಿನ ನೆಲ, ಮಾತಿಲ್ಲದ ನಾಲ್ಕೈದು ಜನ. ಅಲ್ಲಿ ಯಾರೂ ಯಾರನ್ನೂ ಏಳು ಅನ್ನುತ್ತಿರಲಿಲ್ಲ. ಹನ್ನೊಂದು ಮಂಗಳವಾರ ಅವರು ಅಲ್ಲಿ ಕೂತರು. ಎರಡು ಸಲ ಕೈಕೊಟ್ಟ ಲೆಕ್ಕ ಆ ಮೇಜಿನ ಮೇಲೆ ಕೈಗೆ ಬಂತು. ಕಲಿತದ್ದನ್ನೆಲ್ಲ ಒಂದು ದಪ್ಪ ನೋಟುಬುಕ್ಕಿನಲ್ಲಿ ಮಸಿಯಿಂದ ಬರೆದಿಟ್ಟರು. ಆ ನೋಟುಬುಕ್ಕೇ ಅವರ ಪರೀಕ್ಷೆ.

ಇಲ್ಲಿ ಮುನಿಯಪ್ಪನವರ ವಿಷಯ ಹೇಳಬೇಕು. ತೊಪ್ಪೂರಿನಿಂದ ಧರ್ಮಪುರಿಗೆ ಸೀರೆಗಂಟು ಹೊರುತ್ತಿದ್ದ ಎತ್ತಿನ ಗಾಡಿ ಅವರದು. ಊರಾಚೆಯ ಕೇರಿಯವರು. ಅವರು ನಮ್ಮವರನ್ನು 'ಸೆಟ್ಟಾರೆ' ಎಂದು ಕರೆಯುತ್ತಿದ್ದರು, ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು 'ಅವನು' ಎನ್ನುತ್ತಿದ್ದರು, ನಾನು ಅನ್ನುವುದಿಲ್ಲ. ಗಂಟಿಗೆ ಗೋಣಿ ಸುತ್ತಿದ್ದರೆ ಅವರು ಮುಟ್ಟಿದರೂ ಮೈಲಿಗೆಯಿಲ್ಲ ಎಂದು ನಮ್ಮವರೇ ಒಂದು ಶಾಸ್ತ್ರ ಮಾಡಿಕೊಂಡಿದ್ದರು. ಅನುಕೂಲಕ್ಕೆ ತಕ್ಕ ಶಾಸ್ತ್ರಕ್ಕೆ ಯಾವಾಗ ಬರವಿತ್ತು? ದೊಡ್ಡಪ್ಪ ಒಳಗೆ ಅಮೃತಶಿಲೆಯ ಮೇಲೆ ಮೊಣಕೈ ಊರಿದಾಗ ಮುನಿಯಪ್ಪನವರು ಹಿತ್ತಿಲ ಕಿಂಡಿಯ ಬಳಿ ನಿಂತು ಕುಡಿಯುತ್ತಿದ್ದರು. ಹನ್ನೊಂದು ವಾರದಲ್ಲಿ ದೊಡ್ಡಪ್ಪನಿಗೆ ಒಂದು ಸಲವೂ ಅದು ತಲೆಗೆ ಬರಲಿಲ್ಲ. ಇದನ್ನು ಅವರೇ ನನಗೆ ಹೇಳಿದ್ದು.

ಹನ್ನೆರಡನೇ ಮಂಗಳವಾರ. ಪರೀಕ್ಷೆಗೆ ಇನ್ನು ಒಂಬತ್ತು ದಿನ. ದೊಡ್ಡಪ್ಪ ಕಣ್ಣು ಅರೆಮುಚ್ಚಿ ನದಿಗಳ ಹೆಸರು ಉರುಹೊಡೆಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಪೆನ್ಷನ್ ಆದ ಒಬ್ಬ ಗುಮಾಸ್ತರು ಪೇಪರ್ ಓದುತ್ತಿದ್ದರು. ಅವರ ಅಂಗವಸ್ತ್ರದ ಅಂಚು ಮೇಜಿನ ಮೇಲೆ ಇಳಿಬಿದ್ದಿತ್ತು, ಅಂಚಿನಲ್ಲಿ ಒಂದು ಎಳೆ ಕಡಿದು ತುದಿ ಮೇಲೆದ್ದಿತ್ತು.

ನೇಕಾರರ ಮನೆಯಲ್ಲಿ ಕಡಿದ ಎಳೆ ಕಂಡು ಸುಮ್ಮನೆ ಹೋಗುವ ಹಾಗಿಲ್ಲ. ಯಾರ ಮಗ್ಗವಾದರೂ ಸರಿ, ನಿಂತು ಗಂಟು ಹಾಕಿ ಮುಂದೆ ಹೋಗಬೇಕು. ಹೋಗದಿದ್ದರೆ ನಮ್ಮ ಅಜ್ಜಿ ಗುಂಡಮ್ಮ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದಳು, ನಾನೂ ತಿಂದಿದ್ದೇನೆ. ದೊಡ್ಡಪ್ಪನ ಬಾಯಿ ಕಾವೇರಿ, ಪೆಣ್ಣಾರು ಎನ್ನುತ್ತಿತ್ತು. ಕೈ ತನ್ನ ಪಾಡಿಗೆ ತಾನು ಹೋಯಿತು. ಬೆರಳನ್ನು ನಾಲಿಗೆಗೆ ತಾಗಿಸಿ, ಎಳೆ ಹೊಸೆದು, ಚಿಟಿಕೆ ಹೊಡೆಯುವಷ್ಟರಲ್ಲಿ ಗಂಟು ಬಿಗಿದು ಮುಗಿಸಿತು. ಎಂಜಲ ಬೆರಳು, ಬ್ರಾಹ್ಮಣರ ಮೈಮೇಲಿನ ಬಟ್ಟೆ!

ಗುಮಾಸ್ತರು ಪೇಪರ್ ಕೆಳಗಿಟ್ಟು ಗಂಟನ್ನು ನೋಡಿದರು. ಆಮೇಲೆ ಮುಖ ನೋಡಿದರು. ಅಂಥ ಗಂಟನ್ನು ಬೇರೆ ಯಾವ ಜಾತಿಯ ಬೆರಳೂ ಹಾಕುವುದಿಲ್ಲ.

"ಯಾರಡಾ ನೀ? ನೆಸವುಕ್ಕಾರನಾ?" ಎಂದು ಎದ್ದು ನಿಂತರು. ನೇಕಾರನೇನೋ ನೀನು ಎಂದು.

"ಆಮಾ," ಅಂದರು ದೊಡ್ಡಪ್ಪ. ಹೌದು. "ನಾವೂ ಜನಿವಾರದವರೇ."

ಆ ಎರಡನೇ ಮಾತನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಲ್ಲು ಕಚ್ಚಿ ಎದ್ದುಬರುವುದು ಬಿಟ್ಟು, ನಾನೂ ನಿಮ್ಮಂಥವನೇ ಎಂದು ದಾರ ತೋರಿಸಬೇಕಿತ್ತೇ? ಕ್ಲಬ್ಬಿನ ಯಜಮಾನ ಓಡಿಬಂದ. ಮೊದಲ ಕೆಲಸವಾಗಿ ಕರೆದು ಕೂರಿಸಿದ್ದ ಹುಡುಗನ ಕೆನ್ನೆಗೆ ಬಾರಿಸಿದ. ಮೇಜಿಗೆ ನೀರು ಸುರಿಸಿದ. ದೊಡ್ಡಪ್ಪ ಮುಟ್ಟಿದ್ದನ್ನು ಮುಟ್ಟಿದರೆ ಮತ್ತೆ ಮೀಯಬೇಕಲ್ಲ, ಅದಕ್ಕೆ ನೋಟುಬುಕ್ಕನ್ನು ಕೋಲಿನ ತುದಿಯಿಂದ ನೂಕಿಕೊಂಡು ಹೋಗಿ ಹಿಂಬಾಗಿಲಿನಿಂದ ಹೊರಗೆ ತಳ್ಳಿದ. ಅಲ್ಲಿ ಲೋಟ ತೊಳೆದ ನೀರು ಹರಿಯುವ ಚರಂಡಿ.

ದೊಡ್ಡಪ್ಪ ಹಿತ್ತಿಲಿಗೆ ಸುತ್ತಿ ಬರುವಷ್ಟರಲ್ಲಿ ಮುನಿಯಪ್ಪನವರು ಮೊಣಕಾಲುದ್ದ ಚರಂಡಿಗೆ ಇಳಿದು ಹಾಳೆ ಹೆಕ್ಕುತ್ತಿದ್ದರು. ಮಸಿ ನೀರಿನಲ್ಲಿ ನೀಲಿಯಾಗಿ ಹರಿದುಹೋಗುತ್ತಿತ್ತು.

"ಸೆಟ್ಟಾರೆ, ಇದು ನಿಮ್ದಾ? ಅರ್ಧ ಓಯ್ತಲ್ಲ."

ದೊಡ್ಡಪ್ಪ ಬಾಯಿಗೆ ಬಂದಂತೆ ಬೈದರು. ಯಜಮಾನನನ್ನು, ಗುಮಾಸ್ತರನ್ನು, ಬೋರ್ಡು ಬರೆದವನನ್ನು. "ನನ್ನ ಆಚೆ ಆಕಿದ್ರು ಮುನಿಯಪ್ಪಾ! ನನ್ನ! ನಾಯಿನ ಅಟ್ಟಿದಂಗೆ ಅಟ್ಟಿದ್ರು!"

ಮುನಿಯಪ್ಪನವರು ಚರಂಡಿಯಿಂದ ಮೇಲೆ ಬಂದರು. ಹಾಳೆಗಳನ್ನು ಒಂದೊಂದಾಗಿ ಗಾಡಿಯ ಗೂಟಗಳಿಗೆ ಸಿಕ್ಕಿಸಿ ಒಣಹಾಕಿದರು.

ಆ ಒಂಬತ್ತು ದಿನ ದೊಡ್ಡಪ್ಪ ಸೇಲಂಗೆ ಬರಲೇ ಇಲ್ಲ. ಗಾಡಿಯಲ್ಲೇ ಇದ್ದರು. ಮುನಿಯಪ್ಪನವರು ಊರಿಂದೂರಿಗೆ ಹೊರೆ ಹಾಕಿಕೊಂಡು ಹೋಗುವಾಗ ಹಿಂದೆ ಗೋಣಿಯ ಮೇಲೆ ಕೂತು, ಉಳಿದ ಅರ್ಧವನ್ನು ನೋಡಿಕೊಂಡು ಹೋದ ಅರ್ಧವನ್ನು ನೆನಪಿನಿಂದ ಬರೆದರು. ಗಾಡಿ ಕುಲುಕಿ ಅಕ್ಷರವೆಲ್ಲ ಸೊಟ್ಟ. ಏಳು ಎನ್ನುವವರಿರಲಿಲ್ಲ. ಲೆಕ್ಕ ತಪ್ಪಿ ತಲೆ ಚಚ್ಚಿಕೊಂಡರೆ ಮುನಿಯಪ್ಪನವರು ಎತ್ತುಗಳನ್ನು ನಿಧಾನ ಮಾಡುತ್ತಿದ್ದರು. ಅಷ್ಟೆಲ್ಲ ಊರು ಸುತ್ತಿ ಹುಡುಕಿದ ಜಾಗ ಮೂರು ವರ್ಷದಿಂದ ತನ್ನ ಗಂಟು ಹೊರುತ್ತಿತ್ತು ಎಂದು ದೊಡ್ಡಪ್ಪನಿಗೆ ಆಗ ಗೊತ್ತಾಯಿತು.

ಪಾಸಾದರು. ಲೆಕ್ಕದಲ್ಲೇ ಹೆಚ್ಚು ಮಾರ್ಕು.

ಸುದ್ದಿ ಬಂದ ವಾರವೇ ತಾವೇ ನೇಯ್ದ ಒಂದು ಟವೆಲ್ಲನ್ನು ಮುನಿಯಪ್ಪನವರಿಗೆ ಹೊದಿಸಿ, ಅವರ ಜೊತೆ ಧರ್ಮಪುರಿಗೆ ಹೋದರು. ಕ್ಲಬ್ಬಿನ ಹಿತ್ತಿಲಿಗೆ ನಡೆದು ಕಿಂಡಿಯ ಮುಂದೆ ನಿಂತು, "ಎರಡು ಕಾಪಿ. ಎರಡೂ ಮಣ್ಣಿನ ಲೋಟದಾಗೆ," ಎಂದರು.

ಒಳಗಿದ್ದವನು ಮುಂದಿನ ಬೆಂಚಿಗೆ ಬನ್ನಿ ಎಂದ. ದೊಡ್ಡಪ್ಪ ಬರುವುದಿಲ್ಲ ಎಂದರು. ಯಜಮಾನ ಬಂದ. ದೊಡ್ಡಪ್ಪನ ಗಂಟಲು ಸಂತೆಗೆಲ್ಲ ಕೇಳಿಸಿತು. ಜನ ಸೇರಿದರು, ಕೆಲವರು ನಕ್ಕರು. ಕೊನೆಗೆ ಪೀಡೆ ತೊಲಗಲಿ ಎಂದು ಎರಡು ಮಣ್ಣಿನ ಲೋಟಕ್ಕೆ ಹೊಯ್ದರು. ದೊಡ್ಡಪ್ಪ ನಿಂತು ಕುಡಿದು, ಲೋಟವನ್ನು ಗೋಡೆಗೆ ಎಸೆದು ಚೂರು ಮಾಡಿ, ಗೆದ್ದ ಮುಖದಿಂದ ಮುನಿಯಪ್ಪನವರ ಕಡೆ ತಿರುಗಿದರು.

ಮುನಿಯಪ್ಪನವರ ಮುಖ ಬಿಗಿದಿತ್ತು. "ಜಗಳ ಚೆನ್ನಾಗಿ ಆಡಿದ್ರಿ ಸೆಟ್ಟಾರೆ," ಅಂದರು. "ನೀವು ನಿಂತಿದ್ದು ಹಟಕ್ಕೆ. ನಾಳೆ ಹಟ ಬಿಟ್ರೆ ನಿಮಗೆ ಬೆಂಚು ಐತೆ. ನಂಗೆ ಈ ಕಿಂಡಿ ಒಂದೇ ಇದ್ದಿದ್ದು. ಮುಂದಿನ ವಾರ ನಂಗೆ ಇವರು ಕಾಪಿ ಉಯ್ತಾರಾ? ಅದನ್ನ ಯೋಚನೆ ಮಾಡಿದ್ರಾ?"

ಮಾಡಿರಲಿಲ್ಲ. ಮುಂದಿನ ಮಂಗಳವಾರ ಕಿಂಡಿಗೆ ಹಲಗೆ ಬಡಿದಿದ್ದರು. ಸಂತೆಗೆ ಬಂದ ಕೇರಿಯ ಗಾಡಿಯವರೆಲ್ಲ ಬಿಸಿಲಲ್ಲಿ ಒಣಬಾಯಲ್ಲೇ ವಾಪಸಾದರು.

ಆಮೇಲೆ ದೊಡ್ಡಪ್ಪ ವಾದ್ಯಾರಾದರು, ಹೆಡ್ ಮಾಸ್ಟರೂ ಆದರು. ಬೋರ್ಡುಗಳು ಹೋದವು, ಮಣ್ಣಿನ ಲೋಟ ಹೋಗಿ ಗಾಜಿನದು ಬಂತು. ಇವರು ಮಾತ್ರ ನಿಂತೇ ಇದ್ದರು. ಒಂದು ಸಲ ಸೇಲಂ ಬಸ್ ಸ್ಟ್ಯಾಂಡಿನಲ್ಲಿ, ಊದಿದ ಕಾಲಿನಲ್ಲಿ ಲೋಟ ಹಿಡಿದು ನಿಂತವರನ್ನು ಕಂಡು ನನಗೆ ರೇಗಿತು. "ಇಷ್ಟು ವರ್ಷ ನಿಂತ್ಕೊಂಡು ಏನು ಬಂತು ದೊಡ್ಡಪ್ಪಾ? ಮುನಿಯಪ್ಪನೋರಿಗೆ ಅದರಿಂದ ಏನಾಯ್ತು?" ಎಂದು ಕೇಳಿಬಿಟ್ಟೆ.

"ಏನೂ ಆಗಲಿಲ್ಲ," ಎಂದರು. ಲೋಟದ ತಳದಲ್ಲಿದ್ದುದನ್ನು ಕುಡಿದು ಮುಗಿಸಿದರು. "ಕೂತ್ರೆ ಮರ್ತೋಯ್ತದೆ ಕಣವ್ವ. ಒಳಗೆ ಕೂತಾಗ ಒಂದ್ಸಲ ಮರ್ತಿದ್ನಲ್ಲ."