ಎದುರು ಗಾಡಿ

ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ ಆಕೆ ಮಾರುಕಟ್ಟೆ ನಿಲ್ದಾಣದೊಳಗೆ ಗಾಡಿಯ ವೇಗ ಇಳಿಸುತ್ತ, ಎದುರಿನಿಂದ ಬರುತ್ತಿದ್ದ ಗಾಡಿಯ ಚಾಲಕನ ಸೀಟನ್ನೇ ನೋಡುತ್ತಿದ್ದಳು. ಅಲ್ಲಿ ಕೂತಿದ್ದವನು ಆಕೆಯ ಗಂಡನಲ್ಲ.

ಊರನ್ನು ಬಳಸಿ ಸುತ್ತುವ ಈ ರೈಲು ಮಾರ್ಗಕ್ಕೆ ಕೊನೆಯ ನಿಲ್ದಾಣವೆಂಬುದಿಲ್ಲ. ಒಂದು ಸುತ್ತಿಗೆ ಒಂದು ಗಂಟೆ. ಆಕೆ ಬಲಸುತ್ತಿನ ಚಾಲಕಿ, ಗಂಡ ಎಡಸುತ್ತಿನವನು. ಮಾರುಕಟ್ಟೆಯಲ್ಲಿ ಎದುರಾದ ಗಾಡಿಗಳು ಅರ್ಧ ಸುತ್ತು ಮುಗಿಸಿ, ಊರಿನ ಆಚೆ ತುದಿಯ ಆಸ್ಪತ್ರೆ ನಿಲ್ದಾಣದಲ್ಲಿ ಮತ್ತೆ ಎದುರಾಗುತ್ತವೆ. ಆಗ ಅವನು ಅಂಗೈ ಎತ್ತುತ್ತಾನೆ. ಆಕೆ ಹುಬ್ಬು ಎತ್ತುತ್ತಾಳೆ; ಕೈ ಎರಡೂ ಕೆಲಸದಲ್ಲಿರುತ್ತವೆ.

"ಗಾಣದ ಎತ್ತಾದ್ರೂ ಒಂದೇ ದಿಕ್ಕಿಗೆ ಸುತ್ತುತ್ತೆ, ನಿಮ್ಮಿಬ್ಬರದು ಅದಕ್ಕಿಂತ ಕಡೆ," ಎನ್ನುತ್ತಿದ್ದರು ಅತ್ತೆ.

ಇವತ್ತು ಗಂಡನಿಗೆ ಕಣ್ಣಿನ ಪರೀಕ್ಷೆ. ಎಡಗೈ ಪಕ್ಕದ ನೀರಿನ ಲೋಟವನ್ನು ಈಚೆಗೆ ಅವನು ಪದೇಪದೇ ಉರುಳಿಸುತ್ತಿದ್ದ. ಲೋಟ ಇಟ್ಟ ಜಾಗದ್ದೇ ತಪ್ಪು ಎನ್ನುತ್ತಿದ್ದ. ಪಾಸಾದರೆ ಈ ಎದುರು ಗಾಡಿಯನ್ನು ಅವನೇ ತರಬೇಕಿತ್ತು. ಅದನ್ನು ತಂದವನು ದಪ್ಪ ಮೀಸೆಯ ಸಹೋದ್ಯೋಗಿ. ಆಕೆಯನ್ನು ಕಂಡೂ ಕಾಣದವನಂತೆ ಮುಖ ತಿರುಗಿಸಿದ.

ಚಾಲಕರ ಫೋನು ಪಾಳಿ ಮುಗಿಯುವವರೆಗೆ ಕಚೇರಿಯ ಲಾಕರಿನಲ್ಲಿರುತ್ತದೆ. ಕೇಳುವುದು ಯಾರನ್ನು? ಡಾಕ್ಟರು ತಡವಾಗಿ ಬಂದಿರಬಹುದು. ಸರತಿ ದೊಡ್ಡದಿರಬಹುದು. ಮುಂದಿನ ನಿಲ್ದಾಣದಲ್ಲಿ ಗುರುತಿನ ಗೆರೆಗಿಂತ ಅರ್ಧ ಮೀಟರು ಹಿಂದೆಯೇ ಗಾಡಿ ನಿಂತುಬಿಟ್ಟಿತು. ಆಕೆಯ ಕೈ ಹಾಗೆ ತಪ್ಪುವ ಕೈಯಲ್ಲ. ಊಟದ ತಟ್ಟೆ ಹಿಡಿದೂ ಓಡಾಡುವ ಮನುಷ್ಯ ಆಕೆಯ ಗಂಡ. ಒಮ್ಮೆ ಕಾಲು ಉಳುಕಿ ವಾರವಿಡೀ ಮನೆಯಲ್ಲಿದ್ದಾಗ ಗೋಡೆ ನೋಡುತ್ತ ಕೂತಿದ್ದ. ಮಗಳ ಜೊತೆಗೂ ಮಾತಿರಲಿಲ್ಲ. ಗಾಡಿ ಕೈತಪ್ಪಿದರೆ ಮತ್ತೆ ಹಾಗೇ ಆದಾನೆಂಬ ದಿಗಿಲು ಆಕೆಗೆ.

ಆಸ್ಪತ್ರೆ ನಿಲ್ದಾಣದ ಪ್ಲಾಟ್‌ಫಾರಂ ಎರಡು ಹಳಿಗಳ ನಡುವೆ ಇದೆ. ಅದರ ತುದಿಯಲ್ಲಿ, ಆಕೆಯ ಕ್ಯಾಬಿನ್ ನಿಲ್ಲುವಲ್ಲೇ, ಅವನು ನಿಂತಿದ್ದ.

"ಏನಂದ್ರು ರೀ?"

"ಕೆಂಪು ಕಾಣುತ್ತೆ, ಹಸಿರು ಕಾಣುತ್ತೆ. ಎಡಗಣ್ಣಿನ ಅಂಚಲ್ಲಿ ಏನೂ ಕಾಣಲ್ವಂತೆ."

"ಔಷಧಿ?"

"ಇನ್ನೂ ಹೆಚ್ಚಾಗದ ಹಾಗೆ ಕೊಟ್ಟಿದಾರೆ. ಹೋಗಿದ್ದು ಹೋಯ್ತು. ಇನ್ಮೇಲೆ ಟಿಕೆಟ್ ಗೇಟಲ್ಲಿ ಹಾಕ್ತಾರಂತೆ. ಕಂಬದ ಹಾಗೆ ನಿಂತಿರ್ಬೇಕು."

"ನಿಂತ್ಕೋತೀರಾ?"

"ಸಿಗ್ನಲ್ ಬಿತ್ತು. ಹೊರಡು."

ಹೊರಟಳು. ಸುರಂಗದ ಕತ್ತಲಲ್ಲಿ ಬೇಡವೆಂದರೂ ಲೆಕ್ಕ ತಲೆಗೆ ಬಂತು: ಒಂದೇ ಕಡೆ ನಿಂತವನು ಸುತ್ತಿಗೆ ಒಮ್ಮೆ ಮಾತ್ರ ಸಿಗುತ್ತಾನೆ.

ಮಾರುಕಟ್ಟೆ ಬಂತು. ಅಲ್ಲಿಯೂ ನಡುವೆ ಒಂದೇ ಪ್ಲಾಟ್‌ಫಾರಂ. ಎದುರು ಗಾಡಿಯೂ ಆಗಲೇ ಬಂದು ನಿಂತಿತು. ಅದರ ಕೊನೆಯ ಬೋಗಿ ಆಕೆಯ ಕ್ಯಾಬಿನ್ನಿನ ಪಕ್ಕಕ್ಕೇ ಬಂದಿತ್ತು. ಅದರಿಂದ ಗಂಡ ಇಳಿದ.

"ನೀವಿಲ್ಲಿ?"

"ನೀನು ಆ ಕಡೆ ಹೊರಟೆ, ನಾನು ಈ ಕಡೆ ಗಾಡಿ ಹತ್ತಿದೆ. ಆ ಮೀಸೆಯವನ ಬ್ರೇಕಿಗೆ ಬೋಗಿಯವರೆಲ್ಲ ಮೂರು ಸಲ ತಲೆಬಾಗಿದ್ರು ಕಣೇ. ದೇವರಿಗೂ ಅಷ್ಟು ಭಕ್ತರಿಲ್ಲ."

ಆಕೆಗೆ ನಗು ಬಂತು, ಕಣ್ಣೂ ತುಂಬಿತು. "ನಾಳೆಯಿಂದ ಗೇಟಲ್ಲಿ ನಿಲ್ಲೋರು ದಿನಾ ಹೀಗೆ ಬರಕ್ಕಾಗುತ್ತಾ?"

"ಊಟದ ಬಿಡುವು ಒಂದು ಗಂಟೆ ಇದೆ. ಡಬ್ಬಿ ಗಾಡಿಯಲ್ಲೇ ಬಿಚ್ಚಿದ್ರಾಯ್ತು. ಹೇಗೂ ನನಗೆ ಕೂತು ಉಂಡು ಗೊತ್ತಿಲ್ಲ." ಎಂದಿನಂತೆ ಅಂಗೈ ಎತ್ತಿದ. ಆಕೆ ಹುಬ್ಬು ಎತ್ತಿದಳು.

ಇಬ್ಬರಿಗೂ ಎದುರುಬದುರು ಪಾಳಿ ಬಿದ್ದ ಮೊದಲ ವಾರ ಅತ್ತೆ, "ಇಬ್ಬರೂ ಹೀಗೆ ಸುತ್ತುತ್ತಾ ಇದ್ರೆ ಒಬ್ಬರ ಮುಖ ಒಬ್ಬರು ನೋಡೋದು ಯಾವಾಗಮ್ಮ?" ಎಂದು ಕೇಳಿದ್ದರು. ಸೊಸೆ ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಹೇಳಿದ್ದಳು:

"ಸುತ್ತಿಗೆ ಎರಡು ಸಲ, ಅತ್ತೆ."