ಊರಿನ ಸೆಕೆಂಡು

ಆ ಊರಿನ ಬಾಸ್ಕೆಟ್‌ಬಾಲ್ ತಂಡ ಆಡುತ್ತಿದ್ದ ಲೀಗು ಎಷ್ಟು ಸಣ್ಣದೆಂದರೆ, ಅದರ ಕೆಳಗೆ ಇನ್ನೊಂದು ಲೀಗು ಮಾಡಬೇಕಾದರೆ ನೆಲ ಅಗೆಯಬೇಕಿತ್ತು. ಹನ್ನೊಂದು ವರ್ಷದಿಂದ ಆ ತಂಡದ ಗಡಿಯಾರ ನೋಡಿಕೊಳ್ಳುತ್ತಿದ್ದವರು ಒಬ್ಬ ಹಳೇ ವಾಚ್ ರಿಪೇರಿಯವರು. ಅಂಕಣದ ಪಕ್ಕ ಒಂದು ಮೇಜು, ಮೇಜಿನ ಮೇಲೊಂದು ಡಬ್ಬಿ, ಡಬ್ಬಿಗೊಂದು ಗುಂಡಿ. ಹೊರಗಿನಿಂದ ಎಸೆದ ಚೆಂಡು ಆಟಗಾರನ ಕೈಗೆ ತಗುಲಿದ ಕೂಡಲೇ ಗುಂಡಿ ಒತ್ತಬೇಕು, ಗೋಡೆಯ ಮೇಲಿನ ಗಡಿಯಾರ ಓಡಬೇಕು.

ಆದರೆ ತಮ್ಮ ತಂಡ ಹಿಂದೆ ಬಿತ್ತೆಂದರೆ ಅವರ ಹೆಬ್ಬೆರಳಿಗೆ ಅದೇನೋ ಜೋಮು ಹಿಡಿದು, ಗುಂಡಿ ಒತ್ತುವುದು ತಡವಾಗುತ್ತಿತ್ತು. ಜನ ಅದನ್ನು 'ಊರಿನ ಸೆಕೆಂಡು' ಎನ್ನುತ್ತಿದ್ದರು. ಆ ಒಂದು ಸೆಕೆಂಡಿನಲ್ಲಿ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದು ಚೆಂಡು ಹಾಕಬಹುದಿತ್ತು. ಪೂರಾ ಪ್ರೀತಿಯಿಂದ ಮಾಡುತ್ತಿದ್ದ ಕಳ್ಳತನ.

ಈ ಸಲ ಲೀಗಿನಿಂದ ಕಾಗದ ಬಂತು. ಕೊನೆಯ ಪಂದ್ಯಕ್ಕೆ ತಪಾಸಣೆಯವರು ಬರುತ್ತಾರೆ. ಇದು ವೃತ್ತಿಪರ ತಂಡ ಅನ್ನಿಸಿದರೆ ಮುಂದಿನ ವರ್ಷಕ್ಕೆ ಪರವಾನಗಿ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ತಂಡದ ಮ್ಯಾನೇಜರು ವಾಚಿನವರ ಹೆಂಡತಿಯ ತಮ್ಮನೇ. ವಾರವಿಡೀ ಒಂಟಿಕಾಲಲ್ಲಿ ನಿಂತು ಬುಟ್ಟಿಗಳಿಗೆ ಹೊಸ ಬಲೆ ಕಟ್ಟಿಸಿದರು, ಎದುರು ತಂಡದ ಕೋಣೆಗೆ ಬಿಸಿನೀರು ಬರಿಸಿದರು. ನೆಲವನ್ನಂತೂ ಆಟಗಾರರು ಅದರಲ್ಲೇ ಮುಖ ನೋಡಿ ಗಡ್ಡ ಹೆರೆದುಕೊಳ್ಳುವಷ್ಟು ಉಜ್ಜಿಸಿದರು.

ಪಂದ್ಯದ ದಿನ ವಾಚಿನವರ ಮೇಜಿನ ಹತ್ತಿರ ಬಂದರು. "ಭಾವ, ಸೋತ್ರೆ ನಮ್ಮನ್ನ ಯಾರೂ ಮೂಸಿ ನೋಡಲ್ಲ. ಇವತ್ತು ನಿಮ್ಮ ಬೆರಳು ಸ್ವಲ್ಪ ಧಾರಾಳವಾಗಿರ್ಲಿ."

"ಅದನ್ನೂ ಹೇಳ್ಬೇಕೇನಯ್ಯಾ?"

ಮ್ಯಾನೇಜರು ಅತ್ತ ಹೋದ ಮೇಲೆ ತಂಡದ ನಾಯಕ ಬಂದ. ಊರಿಗೆಲ್ಲ ಅವನು 'ಏಣಿ'. ಬೆಳಗ್ಗೆ ಪಾದಕ್ಕೆ ಚಳಿಯಾದರೆ ಸುದ್ದಿ ತಲೆಗೆ ಮುಟ್ಟುವಾಗ ಮಧ್ಯಾಹ್ನ, ಅಷ್ಟು ಉದ್ದ.

"ಮಾವ, ದೊಡ್ಡ ತಂಡದೋರ ಹತ್ರ ಅವಕಾಶ ಕೇಳೋಕೆ ಹೋಗಿದ್ದೆ. ನನ್ನ ಅಂಕದ ಪಟ್ಟಿ ನೋಡಿ ನಕ್ಕುಬಿಟ್ರು."

"ಯಾಕೋ? ಲೀಗಲ್ಲೇ ಜಾಸ್ತಿ ನಿಂದಲ್ವಾ?"

"'ಆ ಗಡಿಯಾರದಲ್ಲಿ ಹಾಕಿದ್ದಾ? ಅರ್ಧ ಬಿಟ್ಟು ಲೆಕ್ಕ ಹಿಡೀತೀವಿ' ಅಂದ್ರು. ನಿಜವಾಗ್ಲೂ ಹಾಕಿದ್ದೂ ಅದ್ರಲ್ಲೇ ಕೊಚ್ಚಿಕೊಂಡು ಹೋಯ್ತು."

ಬೈದಿದ್ದರೆ ವಾಚಿನವರು ತಿರುಗಿ ಬೈಯುತ್ತಿದ್ದರು. ಅವನು ಬೈಯಲಿಲ್ಲ, ಶೂ ಲೇಸು ಬಿಗಿದುಕೊಂಡು ಅಂಕಣಕ್ಕಿಳಿದ.

ಪಂದ್ಯ ಕೊನೆಯವರೆಗೂ ಎಳೆದಾಡಿತು. ಒಂದು ಅಂಕ ಹಿಂದೆ, ಒಂದೇ ಒಂದು ಸೆಕೆಂಡು ಬಾಕಿ. ದೂರದಿಂದ ಮ್ಯಾನೇಜರು ಹೆಬ್ಬೆರಳು ಆಡಿಸಿ ತೋರಿಸಿದರು. ಗೆರೆಯ ಆಚೆಯಿಂದ ಚೆಂಡು ಹಾರಿ ಏಣಿಯ ಕೈ ಮುಟ್ಟಿತು. ಆ ಕ್ಷಣಕ್ಕೇ ವಾಚಿನವರು ಗುಂಡಿ ಒತ್ತಿಯೇಬಿಟ್ಟರು. ಏಣಿ ತಿರುಗಿ ನೆಗೆಯುವಷ್ಟರಲ್ಲಿ ಭೋಂ ಎಂದು ಹಾರ್ನು ಕೂಗಿತು. ಆಮೇಲೆ ಎಸೆದ ಚೆಂಡು ಬುಟ್ಟಿಗೆ ಬಿದ್ದು ಏನು ಬಂತು? ಅದು ಲೆಕ್ಕಕ್ಕಿಲ್ಲ, ಊರಿನ ತಂಡ ಸೋತಿತ್ತು. ಸಭಾಂಗಣ ಎಷ್ಟು ಸ್ತಬ್ಧವಾಯಿತೆಂದರೆ ಮೂರನೇ ಬೀದಿಯಲ್ಲಿ ಯಾರೋ ಸೀನಿದ್ದು ಕೇಳಿಸಿತು.

"ಏನ್ ಭಾವ ಇದು! ಮನೆ ಹಾಳ್ ಮಾಡಿದ್ರಲ್ಲ!"

"ಒಂದು ಸೆಕೆಂಡಿತ್ತು. ಆಯ್ತು."

ತಪಾಸಣೆಯ ಹೆಂಗಸು ಕನ್ನಡಕ ಏರಿಸುತ್ತ ಮೇಜಿನ ಹತ್ತಿರವೇ ಬಂದರು. "ಈ ಡಬ್ಬಿ ಮೇಲೆ ಎಂಟು ತಂಡಗಳ ದೂರಿದೆ. ಬಲೆ, ಬಿಸಿನೀರು ಯಾರು ಬೇಕಾದ್ರೂ ಹಾಕಿಸ್ತಾರೆ, ನಾನು ನೋಡೋಕೆ ಬಂದಿದ್ದು ಇದನ್ನ. ಯಾವಾಗಿಂದ ಹೀಗೆ ಸರಿಯಾಗಿ ಓಡ್ತಿದೆ?"

"ಮೊದಲಿಂದ್ಲೂ ಮೇಡಂ..." ಎಂದು ಮ್ಯಾನೇಜರು ಬಾಯಿ ತೆರೆದರು.

"ಇವತ್ತಿಂದ," ಎಂದರು ವಾಚಿನವರು. "ಹಿಂದಿನ ತಪ್ಪೆಲ್ಲ ನಂದು. ಆಡೋರದ್ದೇನಿಲ್ಲ."

ಆಕೆ ಬಹಳ ಹೊತ್ತು ಬರೆದರು. ಒಂದು ವರ್ಷಕ್ಕೆ ಪರವಾನಗಿ. ಗುಂಡಿ ಮಾತ್ರ ಇನ್ನು ಲೀಗು ಕಳಿಸಿದವರ ಕೈಗೆ.

ಮುಂದಿನ ವರ್ಷದ ಮೊದಲ ಪಂದ್ಯಕ್ಕೆ ವಾಚಿನವರು ಹೆಂಡತಿಯ ಜೊತೆ ಮೂರನೇ ಸಾಲಿನಲ್ಲಿ ಕುಳಿತರು. ಇಷ್ಟು ವರ್ಷ ಅವರು ಕಂಡಿದ್ದು ಬರೀ ಕೈ ಮತ್ತು ಚೆಂಡು. ಆಟ ನೋಡಿದ್ದು ಅಂದೇ. ಏಣಿ ಇಪ್ಪತ್ತೇಳು ಅಂಕ ಹಾಕಿದ, ದೊಡ್ಡ ತಂಡದಿಂದ ಬಂದವರು ಇಪ್ಪತ್ತೇಳೂ ಬರೆದುಕೊಂಡರು. ವಾಚಿನವರು ಕೂಗಿದ ಕೂಗಿಗೆ ಗಂಟಲು ಬಿದ್ದುಹೋಗಿ, ಮೂರು ದಿನ ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಎಂದು ತಲೆಯಾಡಿಸಬೇಕಾಯಿತು.